ಬೆಲ್ಟ್ ಜಾರಿತು, ಟಾಕಿ ಮುಗ್ಗರಿಸಿತು!

ಸಿನಿಮಾ ಮಾತಾಡೋಕೆ ಕಲಿತದ್ದು ಯಾವಾಗ ಅಂತ ಯಾವ ಅಭಿಮಾನಿಯನ್ನಾದರೂ ಕೇಳಿ ನೋಡಿ. ಹಿಂದಿಗೆ 1931ರ 'ಆಲಂ ಆರಾ', ಕನ್ನಡಕ್ಕೆ 1934ರ 'ಸತಿ ಸುಲೋಚನ' ಅಂತ ಪಟಪಟನೆ ಹೇಳುತ್ತಾನೆ. ಸರಿಯೇ. ಆದರೆ 'ಆಲಂ ಆರಾ'ಗೂ ಹದಿನೆಂಟು ವರ್ಷ ಮೊದಲೇ ಅಮೆರಿಕದ ಪರದೆಯ ಮೇಲೆ ಮನುಷ್ಯ ಬಾಯಿಬಿಟ್ಟು ಮಾತಾಡಿದ್ದ! ಅವನ ಮಾನ ಮಾತ್ರ ಒಂದು ಬೆಲ್ಟಿನ ಕೈಯಲ್ಲಿತ್ತು.

1913ರ ಫೆಬ್ರವರಿ, ನ್ಯೂಯಾರ್ಕ್. ಥಾಮಸ್ ಆಲ್ವಾ ಎಡಿಸನ್ನನ 'ಕೈನೆಟೊಫೋನ್' ಪ್ರದರ್ಶನ. ಪರದೆಯ ಮೇಲೆ ಕೋಟುಧಾರಿಯೊಬ್ಬ ಬಂದು ಭಾಷಣ ಬಿಗಿದ. ತಟ್ಟೆಯೊಂದನ್ನು ನೆಲಕ್ಕೆ ಹಾಕಿದ, ಫಳ್ ಎಂದು ಒಡೆದ ಸದ್ದು ಕೇಳಿಸಿತು! ಪಿಟೀಲು ನುಡಿಯಿತು, ನಾಯಿಗಳು ಬೊಗಳಿದವು. ಜನ ಬೆರಗಾಗಿ ಕೂತರು.

ಒಳಗಿನ ಮರ್ಮ ಇಷ್ಟೇ. ಪರದೆಯ ಬಳಿ ಒಂದು ಫೋನೋಗ್ರಾಫ್, ಹಾಲಿನ ಇನ್ನೊಂದು ತುದಿಯಲ್ಲಿ ಪ್ರೊಜೆಕ್ಟರ್. ಎರಡರ ನಡುವೆ ರಾಟೆಗಳ ಮೇಲೆ ಹಾದುಹೋಗುವ ಉದ್ದನೆಯ ದಾರದ ಬೆಲ್ಟ್. ಅದು ಕೊಂಚ ಸಡಿಲವಾದರೂ, ಆಪರೇಟರ್ ಕೈ ಕೊಂಚ ಎಡವಿದರೂ ಮುಗೀತು! ತಟ್ಟೆ ಒಡೆದು ಎಷ್ಟೋ ಹೊತ್ತಾದ ಮೇಲೆ 'ಫಳ್'! ಜನ ಗೇಲಿ ಮಾಡಿದರು. 1914ರ ಡಿಸೆಂಬರಿನಲ್ಲಿ ಎಡಿಸನ್ನನ ಕಾರ್ಖಾನೆಗೆ ಬೆಂಕಿ ಬಿತ್ತು. 1915ರ ಹೊತ್ತಿಗೆ ಕೈನೆಟೊಫೋನ್ ಕಥೆಗೆ ಮಂಗಳ ಹಾಡಿಯಾಗಿತ್ತು.

ಪೆಟ್ಟಿಗೆಯೊಳಗಿನ ಪಟ್ಟಿ

ಹಾಲಿನಲ್ಲಷ್ಟೇ ಅಲ್ಲ, ಮನೆಮನೆಯ ಫೋನೋಗ್ರಾಫಿನ ಹೊಟ್ಟೆಯಲ್ಲೂ ಒಂದು ಬೆಲ್ಟ್ ಇತ್ತು. ಫೋನೋಗ್ರಾಫ್ ಬೇರೆ, ನಮ್ಮ ಅಜ್ಜಂದಿರ ಕಾಲದ ನಾಯಿ ಗುರುತಿನ ಗ್ರಾಮಫೋನ್ ಬೇರೆ. ಗ್ರಾಮಫೋನಿಗೆ ತಟ್ಟೆ, ಫೋನೋಗ್ರಾಫಿಗೆ ಲೋಟದಂಥ ಉರುಳೆ. 1877ರಲ್ಲಿ ಎಡಿಸನ್ ಕಂಡುಹಿಡಿದ ಈ ಉರುಳೆ ಸಂಗೀತವನ್ನು ಅವನ ಕಂಪನಿ 1929ರಲ್ಲಿ ನಿಲ್ಲಿಸಿತು. ಆದರೂ ಎಡಿಸನ್ 'ಸ್ಟ್ಯಾಂಡರ್ಡ್', 'ಹೋಮ್' ಮಾಡೆಲ್‌ಗಳು ಸಂಗ್ರಹಕಾರರ ಮನೆಗಳಲ್ಲಿ ಇಂದಿಗೂ ಹಾಡುತ್ತಿವೆ. ಕೀಲಿ ಕೊಟ್ಟರೆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಮೋಟರ್ ತಿರುಗುತ್ತದೆ. ಮೋಟರಿನಿಂದ ಉರುಳೆಗೆ ಓಟ ಮುಟ್ಟಿಸೋದು ತೆಳ್ಳನೆಯ ಚರ್ಮದ ಪಟ್ಟಿ.

ಇಲ್ಲೇ ಇರೋದು ತಮಾಷೆ. ವೇಗ ಹತೋಟಿಯಲ್ಲಿಡಲು ಯಂತ್ರದಲ್ಲಿ ಗವರ್ನರ್ ಇದೆ. ಅದು ಕಾವಲು ಕಾಯೋದು ಮೋಟರಿಗೆ ಮಾತ್ರ. ಬೆಲ್ಟ್ ಜಾರಿದರೆ ಅದಕ್ಕೆ ಗೊತ್ತೇ ಆಗೋದಿಲ್ಲ! ಮೋಟರ್ ಗತ್ತಿನಿಂದ ಸರಿಯಾಗಿಯೇ ತಿರುಗುತ್ತಿರುತ್ತದೆ, ಮೇಲೆ ಉರುಳೆ ಕುಂಟುತ್ತಿರುತ್ತದೆ. ನಿಮಿಷಕ್ಕೆ 160 ಸುತ್ತು ಬರಬೇಕಾದ ಉರುಳೆ 150ಕ್ಕೆ ಇಳಿಯಿತೆನ್ನಿ. ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಕೆಳಗೆ! ಗಾಯಕಿ ಯಾರೋ, ಗಂಟಲು ಯಾರದೋ. ಬೆಲ್ಟಿನ ಬೆಸುಗೆ ದಪ್ಪವಾಗಿದ್ದರೆ ಅದು ರಾಟೆ ದಾಟಿದಾಗಲೆಲ್ಲ ಹಾಡಿಗೆ ಬಿಕ್ಕಳಿಕೆ.

ಹೊಸ ಬೆಲ್ಟ್ ಎಲ್ಲಿ?

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಹಳೇ ಫೋನೋಗ್ರಾಫ್ ಬಿಡಿಭಾಗಗಳ ವ್ಯಾಪಾರಿಗಳಿದ್ದಾರೆ. ಮಾಡೆಲ್ ಹೆಸರು ಹೇಳಿದರೆ ಅಳತೆಗೆ ಸರಿಯಾದ ಚರ್ಮದ ಬೆಲ್ಟ್ ಮಾರುತ್ತಾರೆ. ಮೊದಲು ಯಂತ್ರದ ಮೇಲಿನ ಹೆಸರಿನ ಫಲಕ ಓದಿಕೊಳ್ಳಿ. ಎಡಿಸನ್ನನ ಪುಟಾಣಿ 'ಜೆಮ್' ಮಾಡೆಲಿಗೆ ಬೆಲ್ಟೇ ಇಲ್ಲ, ಅದು ಹಲ್ಲಿನ ಚಕ್ರದಲ್ಲಿ ಓಡೋದು. ಕೀಲಿ ಗ್ರಾಮಫೋನಿಗೂ ಸಾಮಾನ್ಯವಾಗಿ ಬೆಲ್ಟ್ ಇರೋದಿಲ್ಲ. ಇಲ್ಲದ್ದನ್ನು ಹುಡುಕಿಕೊಂಡು ಯಾಕೆ ಅಲೀಬೇಕು?

ಪಾರ್ಸೆಲ್ ಖರ್ಚು ಬೇಡ ಅನ್ನೋರು ಊರಲ್ಲೇ ಮಾಡಿಸಬಹುದು. ಬುಕ್ ಬೈಂಡಿಂಗಿನವರು, ಚರ್ಮದ ಚೀಲ ಹೊಲಿಯುವವರಿಗೆ ಚರ್ಮವನ್ನು ಕಾಗದದಂತೆ ತೆಳ್ಳಗೆ ಕೆತ್ತುವ ಕೈಚಳಕ ಉಂಟು. ರಾಟೆಗಳ ಸುತ್ತ ದಾರ ಹಾಕಿ ಉದ್ದ ಅಳೆಯಿರಿ. ಬಿಗಿಗೊಳಿಸುವ ಚಿಕ್ಕ ರಾಟೆಯಿದ್ದರೆ ಅದನ್ನು ನಡುಮಧ್ಯದಲ್ಲಿಟ್ಟು ಅಳೆಯಿರಿ. ಬೆಸುಗೆಗೆ ಅರ್ಧ ಅಂಗುಲ ಹೆಚ್ಚಿಗೆ ಬಿಡಿ. ಎರಡೂ ತುದಿಗಳನ್ನು ಇಳಿಜಾರಾಗಿ ಕೆತ್ತಿ, ಒಂದರ ಮೇಲೊಂದಿಟ್ಟು ಅಂಟು ಹಾಕಿ, ರಾತ್ರಿಯಿಡೀ ಭಾರ ಹೇರಿ. ಬೆಸುಗೆಯ ದಪ್ಪ ಉಳಿದ ಪಟ್ಟಿಯಷ್ಟೇ ಇರಬೇಕು. ಒಳಬದಿಯ ತುದಿ ರಾಟೆಗೆ ಎದುರಾಗಿ ಏಳದಂತೆ ದಿಕ್ಕು ನೋಡಿ ಹಾಕಿ. ರಾಟೆಗೆ ಎಣ್ಣೆ ಅಂಟಿದ್ದರೆ ಮೊದಲು ಒರೆಸಿ. ರಬ್ಬರ್ ಬ್ಯಾಂಡ್ ಮಾತ್ರ ಬೇಡ. ಅದು ಹಿಗ್ಗುತ್ತೆ, ಕುಗ್ಗುತ್ತೆ, ಹಾಡೂ ಅದರ ಜೊತೆಗೇ.

ಕೊನೆಗೊಂದು ಪರೀಕ್ಷೆ. ಉರುಳೆ ಕೂರುವ ಕೊಳವೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ಹಿಡಿದು ಎಣಿಸಿ. 15 ಸೆಕೆಂಡಿಗೆ 40 ಸುತ್ತು ಬಂದರೆ ಲೆಕ್ಕ ಸರಿ, 160!

ನಿಮ್ಮ ಅಟ್ಟದ ಮೇಲೆ...

"ನಮ್ಮನೇಲಿ ಎಡಿಸನ್ ಎಲ್ಲಿಂದ ಬರ್ಬೇಕು ಸ್ವಾಮಿ?" ಅಂತೀರಾ? ಅಟ್ಟದ ಮೇಲೆ ಅಪ್ಪನ ಕಾಲದ ರೆಕಾರ್ಡ್ ಪ್ಲೇಯರ್ ಇರಬಹುದು, ಜೊತೆಗೆ ಅಣ್ಣಾವ್ರ ಹಾಡಿನ ಕಪ್ಪು ತಟ್ಟೆಗಳೂ ಇರಬಹುದು. ಬೆಲ್ಟಿನ ಪ್ಲೇಯರ್ ಆಗಿದ್ದರೆ ರೋಗ ಇದೇ. ವರ್ಷಗಟ್ಟಲೆ ಮೂಲೆಗೆ ಬಿದ್ದ ರಬ್ಬರ್ ಕೆಲವೊಮ್ಮೆ ಹಿಗ್ಗುತ್ತದೆ, ಕೆಲವೊಮ್ಮೆ ಕರಗಿ ಡಾಂಬರಾಗುತ್ತದೆ. ಆಗ ಅಣ್ಣಾವ್ರ ಕಂಠವೇ ನಿದ್ದೆಗಣ್ಣಿನಲ್ಲಿ ಹಾಡಿದಂತಿರುತ್ತದೆ! ತಟ್ಟೆ ಕೆಟ್ಟಿದೆ ಅಂದುಕೊಂಡು ಗುಜರಿಗೆ ಹಾಕಬೇಡಿ. ದಾರದಿಂದ ಅಳತೆ ತೆಗೆದು, ಅದಕ್ಕಿಂತ ಕೊಂಚ ಚಿಕ್ಕ ಬೆಲ್ಟ್ ಹುಡುಕಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ.

ಅಂದಹಾಗೆ, ಎಡಿಸನ್ನನ ಆ ಮಾತಾಡುವ ಚಿತ್ರಗಳು ಪೂರ್ತಿ ಸತ್ತಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಎಂಟು ಚಿತ್ರಗಳ ರೀಲಿಗೆ ಉರುಳೆಯ ಧ್ವನಿಯನ್ನು ಕಂಪ್ಯೂಟರಿನಲ್ಲಿ ಕೂಡಿಸಿದ್ದಾರೆ. ನೂರು ವರ್ಷದ ಹಿಂದೆ ದಾರದ ಕೈಲಿ ಆಗದ್ದು ಈಗ ಆಯಿತು. ಆದರೆ ಕಪಾಟುಗಳಲ್ಲಿ ಕೂತಿರುವ ಉಳಿದ ಉರುಳೆಗಳಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಹಾಡಿದವರು ಯಾವತ್ತೋ ಹೋದರು. ತಮ್ಮ ಶ್ರುತಿ ತಪ್ಪಿದ್ದನ್ನು ಎದ್ದು ಬಂದು ತಿದ್ದಲಾರರು. ಅವರ ಮರ್ಯಾದೆ ಆ ತೆಳ್ಳನೆ ಚರ್ಮದ್ದು, ಅದನ್ನು ಕೂರಿಸುವ ಕೈಯದ್ದು.

ಒಂದು ಕೊನೆ ಮಾತು. ಹರಿದ ಹಳೇ ಬೆಲ್ಟನ್ನು ಬಿಸಾಡಬೇಡಿ. ಅಗಲ, ದಪ್ಪ ನೋಡಲು ಅದಕ್ಕಿಂತ ಒಳ್ಳೆ ಮಾದರಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ!