ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಳಿಕ ಸಕ್ಕರೆ ಕುಸಿದರೆ

ಇಫ್ತಾರ್ ಮುಗಿದು ಎರಡು ಗಂಟೆ ಆಗಿರುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ತಲೆ ಸುತ್ತುತ್ತದೆ. ಉಪವಾಸದ ಸುಸ್ತೆಂದು ಮನೆಯವರು ಇನ್ನೊಂದು ಲೋಟ ಶರಬತ್ತು ಕೊಡುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಮೊದಲು ಕುಡಿದ ಶರಬತ್ತೇ ಇದಕ್ಕೆ ಕಾರಣವಾಗಿರಬಹುದು.

ಬೈಪಾಸ್ ಬಳಿಕ ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಬೇಗನೆ ಸಣ್ಣ ಕರುಳಿಗೆ ಇಳಿಯುತ್ತದೆ. ರಕ್ತದ ಸಕ್ಕರೆ ಥಟ್ಟನೆ ಏರುತ್ತದೆ, ದೇಹ ಬೇಕಾದುದಕ್ಕಿಂತ ಹೆಚ್ಚು ಇನ್ಸುಲಿನ್ ಬಿಡುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಸಾಮಾನ್ಯವಾಗಿ ಇದು ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಶುರುವಾಗುವುದರಿಂದ ಅದರ ಸಂಬಂಧ ಯಾರಿಗೂ ಹೊಳೆಯುವುದಿಲ್ಲ.

ಗ್ಲುಕೋಮೀಟರ್‌ 70ಕ್ಕಿಂತ ಕಡಿಮೆ ತೋರಿಸಿದರೆ 15 ಗ್ರಾಂ, ಅಂದರೆ ಮೂರು ತುಂಬು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸರಿಹೋದೊಡನೆ ಒಂದು ಮೊಟ್ಟೆಯನ್ನೋ ಹಿಡಿ ಕಡಲೆಕಾಯಿಯನ್ನೋ ತಿನ್ನಿ. ಬರೀ ಸಿಹಿಯಲ್ಲಿ ನಿಲ್ಲಿಸಿದರೆ ಮತ್ತೆ ಕುಸಿಯಬಹುದು. ಹಗಲು ಉಪವಾಸದಲ್ಲಿದ್ದಾಗ ಹೀಗಾದರೂ ಕಾಯಬೇಡಿ; ರೋಗಿಗೆ ರಿಯಾಯಿತಿ ಇದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇಫ್ತಾರ್‌ಗೆ ಒಂದು ಖರ್ಜೂರ ಸಾಕು. ಊಟದಲ್ಲಿ ಮೊದಲು ಮೀನು, ಕೋಳಿ ಅಥವಾ ಬೇಳೆ, ಆಮೇಲೆ ಸ್ವಲ್ಪ ಅನ್ನ. ನೀರು ಅರ್ಧ ಗಂಟೆ ಬಿಟ್ಟು. ಪದೇ ಪದೇ ಕುಸಿಯುತ್ತಿದ್ದರೆ ತಿಂದದ್ದನ್ನೂ ಸಮಯವನ್ನೂ ಬರೆದಿಟ್ಟು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ. ಮುಂದಿನ ಉಪವಾಸದ ಬಗ್ಗೆಯೂ ಅವರನ್ನೇ ಕೇಳಿ.

ನಮ್ಮ ಯುನಾನಿಯ ಕಡೆಯಿಂದಲೂ ಒಂದು ಮಾತು. ಖಮೀರ, ಮಾಜೂನ್‌ಗಳನ್ನು ಸಕ್ಕರೆ ಅಥವಾ ಜೇನಿನ ಪಾಕದಲ್ಲೇ ತಯಾರಿಸುತ್ತೇವೆ. ಜೇನು ಎಷ್ಟೇ ಒಳ್ಳೆಯದಾದರೂ ಈ ಕರುಳಿಗೆ ಅದೂ ಸಕ್ಕರೆಯೇ. ಹಕೀಮರ ಬಳಿ ಹೋದಾಗ ನಾಡಿ ಹಿಡಿಯುವ ಮೊದಲೇ ಶಸ್ತ್ರಚಿಕಿತ್ಸೆಯ ವಿಷಯ ಹೇಳಿಬಿಡಿ.