ಗ್ರಾಮಸಭೆಯಲ್ಲಿ ನಮ್ಮ ಕುರ್ಚಿ ಖಾಲಿ ಇರದಿರಲಿ

(ಜುಮಾ ಪ್ರವಚನದ ಸಾರಾಂಶ)



ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ನಾವು ಊರಿನ ಕಷ್ಟಗಳನ್ನೆಲ್ಲ ಮಾತನಾಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ನಳ್ಳಿಗೆ ನೀರಿಲ್ಲ, ಮಳೆಗಾಲದಲ್ಲಿ ಚರಂಡಿಯಿಲ್ಲದೆ ರಸ್ತೆಯೇ ತೋಡಾಗುತ್ತದೆ, ದಾರಿದೀಪ ಕೆಟ್ಟು ತಿಂಗಳಾಯಿತು, ಬಡ ವಿಧವೆಗೆ ಮನೆ ಮಂಜೂರಾಗಲಿಲ್ಲ. ಮಾತೆಲ್ಲ ನಿಜ. ಆದರೆ ಅಂಗಳದ ಮಾತು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅದೇ ಮಾತನ್ನು ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿದರೆ, ಮುಂದಿನ ಸಭೆಯಲ್ಲಿ ಅದರ ಬಗ್ಗೆ ಉತ್ತರ ಕೇಳುವ ಅವಕಾಶ ಸಿಗುತ್ತದೆ. ನೆಟ್ಟಣದ ನಮಗೆ ಅದು ಬಿಳಿನೆಲೆ ಗ್ರಾಮ ಪಂಚಾಯತ್. ಕಡಬ, ಸುಳ್ಯ, ಪುತ್ತೂರಿನ ಓದುಗರಿಗೆ ಅವರವರ ಪಂಚಾಯತ್.

ಸಮಾಲೋಚನೆ ನಮಗೆ ಹೊಸತಲ್ಲ

ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ‘ಅಶ್ಶೂರಾ’, ಅಂದರೆ ಸಮಾಲೋಚನೆ. ಉಹುದ್ ಯುದ್ಧಕ್ಕೆ ಮುಂಚೆ ಪ್ರವಾದಿ(ಸ)ರವರು ಸಹಾಬಿಗಳ ಅಭಿಪ್ರಾಯ ಕೇಳಿದರು. ಮದೀನಾದ ಒಳಗೇ ಇರುವುದು ಅವರ ಒಲವಾಗಿತ್ತು. ಹೊರಗೆ ಹೋಗೋಣ ಎಂದವರು ಹೆಚ್ಚಿದ್ದರು, ಆ ಮಾತಿನಂತೆಯೇ ನಡೆದರು. ಅಂದು ಮುಸ್ಲಿಮರು ಬಹಳ ನಷ್ಟ ಅನುಭವಿಸಿದರು. ಆದರೂ ಆಲು ಇಮ್ರಾನ್ ಅಧ್ಯಾಯದಲ್ಲಿ, ಆ ಘಟನೆಯ ನಂತರವೇ, ಅವರೊಡನೆ ಸಮಾಲೋಚಿಸಬೇಕೆಂಬ ಆದೇಶ ಬಂತು. ಒಮ್ಮೆ ಫಲ ಸಿಗಲಿಲ್ಲವೆಂದು ಸಭೆಯನ್ನೇ ಬಿಡಬಾರದು ಎಂಬ ಪಾಠ ಇದರಲ್ಲಿದೆ. “ಒಮ್ಮೆ ಹೋಗಿದ್ದೆ, ಏನೂ ಆಗಲಿಲ್ಲ” ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ನೀರ್ ಸಾಬ್ ಬಿಟ್ಟುಹೋದ ದಾರಿ

ಇಂದಿನ ಪಂಚಾಯತ್ ವ್ಯವಸ್ಥೆಗೆ ನಮ್ಮ ರಾಜ್ಯದಲ್ಲಿ ಅಡಿಪಾಯ ಹಾಕಿದವರಲ್ಲಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಪ್ರಮುಖರು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿದ್ದಕ್ಕೆ ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದರು. ಆದರೆ ನೀರಿಗಿಂತ ದೊಡ್ಡ ಕೊಡುಗೆ 1983ರ ಕಾಯ್ದೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳಿಗೆ ಅಧಿಕಾರ ಕೊಟ್ಟ ಆ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಡಿ ಚುನಾವಣೆ ನಡೆಯಿತು. ಮರುವರ್ಷ ಅವರು ತೀರಿಕೊಂಡರು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಜಾರಿಯಾದದ್ದು 1993ರಲ್ಲಿ. ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಇಂದಿಗೂ ಅವರ ಹೆಸರೇ ಇದೆ. ಅಧಿಕಾರವನ್ನು ವಿಧಾನಸೌಧದಿಂದ ಹಳ್ಳಿಗೆ ತರಲು ದುಡಿದವರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು, ಹಳ್ಳಿಯ ಸಭೆಗೇ ಹೋಗದಿದ್ದರೆ ಆ ಹೆಮ್ಮೆಗೆ ಅರ್ಥವೇನು?

ಸಭೆ ಯಾರದು?

ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅದಕ್ಕೆ ಆಮಂತ್ರಣ ಪತ್ರ ಬೇಕಿಲ್ಲ. ಕರ್ನಾಟಕದ ಕಾಯ್ದೆಯಂತೆ ಕನಿಷ್ಠ ಆರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಮೊದಲು ವಾರ್ಡ್ ಸಭೆ, ಅಲ್ಲಿಯ ಬೇಡಿಕೆಗಳು ನಂತರ ಗ್ರಾಮಸಭೆಗೆ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಅಂದರೆ ಇಪ್ಪತ್ತು ಜನ ಕುಳಿತು ಇಡೀ ವಾರ್ಡಿನ ಬೇಡಿಕೆ ತೀರ್ಮಾನಿಸಬಹುದು. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಆಗುವುದೂ ಇಂಥ ಸಭೆಗಳಲ್ಲಿಯೇ. ಸೂರು ಸೋರುವ ಮನೆಯವರ ಹೆಸರನ್ನು ಅಲ್ಲಿ ಎತ್ತಿ ಹೇಳುವವರಿಲ್ಲದಿದ್ದರೆ, ಆ ಹೆಸರು ಪಟ್ಟಿಗೆ ಸೇರುವುದು ಹೇಗೆ?

“ಜಮಾಅತ್ ಅಧ್ಯಕ್ಷರು ಹೋಗುತ್ತಾರಲ್ಲ, ಸಾಕು” ಎಂದು ಕೆಲವರು ಹೇಳುವುದುಂಟು. ಅಧ್ಯಕ್ಷರು ಹೋಗಲಿ. ಆದರೆ ಅಲ್ಲಿ ಅವರೂ ಒಬ್ಬ ಮತದಾರ ಮಾತ್ರ. ಮಹಲ್ಲಿನ ಪರವಾಗಿ ಒಬ್ಬರು ಕುಳಿತರೆ ಲೆಕ್ಕಕ್ಕೆ ಸಿಗುವುದು ಒಂದೇ ತಲೆ. ನಮ್ಮ ಅನೇಕ ಮನೆಗಳ ಗಂಡುಮಕ್ಕಳು ಗಲ್ಫಿನಲ್ಲಿದ್ದಾರೆ. ಹಾಗಾದರೆ ಆ ಮನೆಯಿಂದ ಸಭೆಗೆ ಹೋಗಬೇಕಾದವರು ಯಾರು? ಮನೆಯಲ್ಲಿರುವ ತಾಯಿ, ಪತ್ನಿ, ಮಗಳು.

ಹೆಣ್ಣುಮಕ್ಕಳ ಮಾತು

ಸಭೆಗೆ ಬಂದವರಲ್ಲಿ ಸಾಧ್ಯವಾದಷ್ಟು ಶೇ. 30ರಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನೀರು ಯಾವ ಹೊತ್ತಿಗೆ ಬರುತ್ತದೆ, ಅಂಗನವಾಡಿಯ ಮಾಡು ಎಲ್ಲಿ ಸೋರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಹುದೈಬಿಯಾದಲ್ಲಿ ಸಹಾಬಿಗಳು ದುಃಖದಿಂದ ಕದಲದೆ ನಿಂತಾಗ, ಪ್ರವಾದಿ(ಸ)ರವರು ಸಲಹೆ ಪಡೆದದ್ದು ಪತ್ನಿ ಉಮ್ಮು ಸಲಮಾ(ರ)ರಿಂದ. ಆ ಸಲಹೆಯಂತೆ ನಡೆದುಕೊಂಡಾಗ ಬಿಕ್ಕಟ್ಟು ಬಗೆಹರಿಯಿತು. ಮರ್ಯಾದೆಯ ಉಡುಪಿನಲ್ಲಿ, ನೆರೆಮನೆಯವರ ಜೊತೆ ಸಭೆಗೆ ಹೋಗುವ ಹೆಣ್ಣುಮಕ್ಕಳನ್ನು ತಡೆಯಬೇಡಿ.

ಸಹಿ ಎಂದರೆ ಸಾಕ್ಷ್ಯ

ಒಂದು ವಿಷಯ ಖಂಡಿತವಾಗಿ ಹೇಳಬೇಕು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಹೊರಟು ಬರುವುದು ಭಾಗವಹಿಸುವಿಕೆಯಲ್ಲ. ಸಭೆಗೆ ಹೋಗದೆ ಮನೆಯಲ್ಲೇ ಸಹಿ ಹಾಕಿಕೊಡುವುದಂತೂ “ನಾನು ಅಲ್ಲಿದ್ದೆ” ಎಂಬ ಸುಳ್ಳು ಸಾಕ್ಷ್ಯ. ಸುಳ್ಳು ಸಾಕ್ಷ್ಯ ಮಹಾಪಾಪಗಳಲ್ಲಿ ಒಂದೆಂದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕೋರಂ ತುಂಬಿಸಲು ಕೊಟ್ಟ ಒಂದು ಸಹಿಯಿಂದ ಒಬ್ಬ ಬಡವನ ಹಕ್ಕು ತಪ್ಪಿದರೆ ಅದರ ಹೊರೆ ಸಹಿ ಹಾಕಿದವನ ಮೇಲೂ ಇದೆ.

ಪಂಚಾಯತಿನಿಂದ ಆಚೆಗೂ

ನಮ್ಮ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದರೆ ರೈಲು ಘಟ್ಟ ಹತ್ತುತ್ತದೆ. ನಾವು ಪಶ್ಚಿಮ ಘಟ್ಟದ ಬುಡದಲ್ಲಿರುವವರು. ಕಸ್ತೂರಿರಂಗನ್ ಸಮಿತಿಯ ವರದಿ ಬಂದದ್ದು 2013ರಲ್ಲಿ. 2024ರ ಜುಲೈ 31ರಂದು ಕೇಂದ್ರ ಸರಕಾರ ಮತ್ತೊಮ್ಮೆ ಕರಡು ಅಧಿಸೂಚನೆ ಹೊರಡಿಸಿ, ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಕಾಡೂ ಉಳಿಯಬೇಕು, ಕೃಷಿಕನೂ ಉಳಿಯಬೇಕು. ಗೆರೆ ಎಲ್ಲಿ ಹಾದುಹೋದರೆ ಯಾರಿಗೆ ಏನಾಗುತ್ತದೆ ಎಂದು ಹೇಳಬಲ್ಲವರು ಅಲ್ಲಿ ಬದುಕುವವರೇ. ಅವರು ಆ 60 ದಿನಗಳಲ್ಲಿ ಬರೆದು ತಿಳಿಸದಿದ್ದರೆ, ಅವರ ಮಾತು ಆ ಕಡತಕ್ಕೆ ಸೇರುವುದೇ ಇಲ್ಲ.

ಮಾಡಬೇಕಾದದ್ದು

ಸಭೆಯ ದಿನಾಂಕವನ್ನು ಪಂಚಾಯತಿನ ಸೂಚನಾ ಫಲಕದಲ್ಲಿ ನೋಡಿ, ನೆರೆಯವರಿಗೂ ತಿಳಿಸಿ. ಬೇಡಿಕೆಯನ್ನು ಎರಡು ಪ್ರತಿಯಲ್ಲಿ ಬರೆದು, ಒಂದನ್ನು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿ. ನಿರ್ಣಯವನ್ನು ಓದಿಸಿ ಕೇಳಿ. ಮುಂದಿನ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಹಿಂದಿನ ನಿರ್ಣಯ ಎಲ್ಲಿಗೆ ಬಂತು ಎಂದು. ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಯಲ್ಲಿ ಪಂಚಾಯತಿನ ವರ್ಷದ ಲೆಕ್ಕವನ್ನು ಸಾರ್ವಜನಿಕರು ನೋಡಬಹುದು.

ಸಭೆಯಲ್ಲಿ ಕೂಗಾಡಬೇಡಿ, ನಮ್ಮ ಬೀದಿಯದ್ದನ್ನು ಮಾತ್ರ ಕೇಳಬೇಡಿ. ದೈವಸ್ಥಾನದ ರಸ್ತೆಯಲ್ಲಿ ದೀಪವಿಲ್ಲದಿದ್ದರೆ ಅದನ್ನೂ ಎದ್ದು ಹೇಳಿ. ಆ ದಾರಿಯಲ್ಲಿ ನಡೆಯುವವರೂ ನಮ್ಮ ನೆರೆಹೊರೆಯವರೇ, ನೆರೆಯವರ ಹಕ್ಕಿನ ಬಗ್ಗೆ ನಮ್ಮನ್ನು ಕೇಳಲಾಗುವುದು.

ಇನ್ನೊಬ್ಬರ ಹಕ್ಕಿಗಾಗಿ ಸತ್ಯ ಮಾತನಾಡುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.