ವಸಡಿನಲ್ಲಿ ರಕ್ತ ಯಾಕೆ?

ಅಕ್ಕಂದಿರೇ, ಬೆಳಿಗ್ಗೆ ಹಲ್ಲು ಉಜ್ಜಿ ಉಗುಳುವಾಗ ನೋಡಿ. ಉಗುಳಿನಲ್ಲಿ ರಕ್ತ ಇದೆಯಾ? ವಸಡು ಕೆಂಪಗೆ ಊದಿದೆಯಾ? ಹಲ್ಲು ಅಲುಗುತ್ತದಾ?

"ವಯಸ್ಸಾಯ್ತಲ್ಲ, ಹಲ್ಲು ಬೀಳೋದೇ" ಅಂತ ನಾವು ಸುಮ್ಮನಿರುತ್ತೇವೆ. "ಮಕ್ಕಳಾದ ಮೇಲೆ ಹಲ್ಲು ಹೋಗೋದು ಇದ್ದದ್ದೇ" ಅಂತಾರೆ ಕೆಲವರು. ಇದು ತಪ್ಪು. ಇದು ವಯಸ್ಸಲ್ಲ, ರೋಗ. ವಸಡಿನ ರೋಗ.

ರೋಗ ಹೇಗೆ ಬರುತ್ತದೆ?

ಹಲ್ಲಿನ ಬುಡದಲ್ಲಿ ಅಂಟಂಟು ಪಾಚಿ ಕಟ್ಟುತ್ತದೆ. ಅದರಲ್ಲಿ ಬ್ಯಾಕ್ಟೀರಿಯ ಎಂಬ ಸಣ್ಣ ಜೀವಿಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ. ದಿನಾ ತೆಗೆಯದಿದ್ದರೆ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಊದುತ್ತದೆ. ಆಮೇಲೆ ಹಲ್ಲಿನಿಂದ ಬಿಡುತ್ತದೆ. ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಅದಕ್ಕೇ ನಮಗೆ ತಡವಾಗಿ ಗೊತ್ತಾಗುತ್ತದೆ.

ಅಡಗಿ ಕೂತ ವೈರಸ್

ಇಬ್ಬರು ಅಕ್ಕತಂಗಿಯರ ಹಲ್ಲಲ್ಲೂ ಪಾಚಿ ಇದೆ ಅನ್ನಿ. ಒಬ್ಬಳ ಹಲ್ಲು ಬೇಗ ಅಲುಗುತ್ತದೆ. ಇನ್ನೊಬ್ಬಳದು ಗಟ್ಟಿಯಾಗಿರುತ್ತದೆ. ಯಾಕೆ? ಹೊಗೆಸೊಪ್ಪು ಒಂದು ಕಾರಣ. ಸಕ್ಕರೆ ಕಾಯಿಲೆ ಇನ್ನೊಂದು. ವೈರಸ್ ಕೂಡ ಒಂದು ಕಾರಣ ಇರಬಹುದು.

ವೈರಸ್ ಬ್ಯಾಕ್ಟೀರಿಯಕ್ಕಿಂತ ಬಹಳ ಚಿಕ್ಕದು. ಹರ್ಪಿಸ್ ಅನ್ನುವುದು ವೈರಸ್‌ಗಳ ಒಂದು ಮನೆತನ. ಸೀತಾಳೆ ಸಿಡುಬು ತರುವ ವೈರಸ್ ಈ ಮನೆತನದ್ದೇ. ಸಿಡುಬು ವಾಸಿಯಾದರೂ ಅದು ಹೋಗುವುದಿಲ್ಲ. ನರದಲ್ಲಿ ಅಡಗಿ ಕೂರುತ್ತದೆ. ಎಷ್ಟೋ ವರ್ಷದ ಮೇಲೆ, ಮೈಯ ಶಕ್ತಿ ಕುಗ್ಗಿದಾಗ, ಕೆಲವರಿಗೆ ಸರ್ಪಸುತ್ತಾಗಿ ಏಳುತ್ತದೆ.

ಇದೇ ಮನೆತನದಲ್ಲಿ ಇನ್ನೆರಡು ವೈರಸ್‌ಗಳಿವೆ. ಹೆಸರು ಉದ್ದ, ನಿಧಾನ ಓದಿ. ಸೈಟೊಮೆಗಲೊ ವೈರಸ್. ಎಪ್‌ಸ್ಟೈನ್ ಬಾರ್ ವೈರಸ್. ಬಹಳಷ್ಟು ದೊಡ್ಡವರ ಮೈಯಲ್ಲಿ ಇವು ಸುಮ್ಮನೆ ಮಲಗಿರುತ್ತವೆ. 1990ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ದಂತ ವಿಜ್ಞಾನಿಗಳು ಜನರ ವಸಡು ಪರೀಕ್ಷೆ ಮಾಡಿದರು. ರೋಗದ ವಸಡಿನಲ್ಲಿ ಈ ವೈರಸ್‌ಗಳು ಹೆಚ್ಚು ಸಿಕ್ಕವು. ಗಟ್ಟಿ ವಸಡಿನಲ್ಲಿ ಕಡಿಮೆ ಸಿಕ್ಕವು.

ಬೇಲಿ ಮುರಿದರೆ ದನ ಹೊಲಕ್ಕೆ ನುಗ್ಗುವುದಿಲ್ಲವೇ? ಇದೂ ಹಾಗೇ. ವೈರಸ್ ಎದ್ದರೆ ವಸಡಿನ ಕಾವಲು ಸಡಿಲವಾಗುತ್ತದೆ. ಆಗ ಬ್ಯಾಕ್ಟೀರಿಯ ಹೆಚ್ಚುತ್ತದೆ. ಹೀಗೆ ಆ ವಿಜ್ಞಾನಿಗಳ ವಿಚಾರ. ಇದು ಇನ್ನೂ ಪೂರ್ತಿ ರುಜುವಾತಾಗಿಲ್ಲ. ವೈರಸ್ ಇದ್ದವರಿಗೆಲ್ಲ ಹಲ್ಲು ಬೀಳುವುದೂ ಇಲ್ಲ.

ನಾವೇನು ಮಾಡಬೇಕು?

ಅಡಗಿದ ವೈರಸ್ಸನ್ನು ಓಡಿಸೋಕೆ ಆಗಲ್ಲ. ಅದಕ್ಕೆ ಅಂತ ಮಾತ್ರೆ ಹುಡುಕಬೇಡಿ. ಪಾಚಿ ತೆಗೆಯೋದು ಮಾತ್ರ ನಮ್ಮ ಕೈಯಲ್ಲೇ ಇದೆ.

* ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬೇಡಿ. ಮೆತ್ತನೆ ಬ್ರಷ್ಷಿನಲ್ಲಿ ನಿಧಾನ ಉಜ್ಜಿ.
* ದಿನಕ್ಕೆ ಎರಡು ಸಲ ಉಜ್ಜಿ. ರಾತ್ರಿ ಮಲಗುವ ಮುಂಚೆ ಮರೆಯಬೇಡಿ.
* ಇದ್ದಿಲು, ಇಟ್ಟಿಗೆ ಪುಡಿ ಬೇಡ. ಅವು ಹಲ್ಲನ್ನು ಸವೆಸುತ್ತವೆ.
* ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಬೇಡವೇ ಬೇಡ.
* ಕಿಟ್ಟ ಬ್ರಷ್ಷಿಗೆ ಹೋಗುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ತೆಗೆಸಿ. "ಕಿಟ್ಟ ತೆಗೆಸಿದರೆ ಹಲ್ಲು ಸಡಿಲ ಆಗುತ್ತೆ" ಅನ್ನೋ ಮಾತು ಸುಳ್ಳು.
* ಬಸುರಿಯರು, ಸಕ್ಕರೆ ಕಾಯಿಲೆಯವರು ತಪ್ಪದೆ ಹಲ್ಲು ತೋರಿಸಿಕೊಳ್ಳಿ.

ಊದಿದ ವಸಡು ಇಳಿಯುತ್ತದೆ. ಆದರೆ ಕರಗಿದ ಮೂಳೆ ಮೊದಲಿನಂತೆ ತಾನೇ ಬೆಳೆಯುವುದಿಲ್ಲ. ಅದಕ್ಕೇ ರಕ್ತ ಕಂಡಾಗಲೇ ಎಚ್ಚರವಾಗಬೇಕು.

ನಾಳೆ ಬೆಳಿಗ್ಗೆ ಉಗುಳು ನೋಡಿ. ಪಕ್ಕದ ಮನೆಯ ಅಕ್ಕನಿಗೂ ಈ ಪಾಠ ಓದಿ ಹೇಳಿ.